ಬರಿ ಖಣ

ಸೊಸೆ ಮಾಧುರಿ ತನ್ನ ಮೊಬೈಲಿನೊಳಗೊಂದು ಅಂಗಡಿ ತೆರೆದ ಮೇಲೆ ಬಿಬವೇವಾಡಿಯ ಕಲ್ಲವ್ವನ ಕುಪ್ಪಸದ ಖಣದ ವ್ಯಾಪಾರಕ್ಕೆ ಗಡಿಯೇ ಇಲ್ಲದಂತಾಯಿತು. ಪಕ್ಕದ ಬಡಾವಣೆ ಧನಕವಡಿಯನ್ನೂ ದಾಟದಿದ್ದ ಗುಳೇದಗುಡ್ಡದ ಖಣ ದುಬೈಗೆ ಹೋಯಿತು, ಕೆನಡಾಕ್ಕೆ ಹೋಯಿತು, ಕಲ್ಲವ್ವನ ನಾಲಿಗೆ ಹೊರಳದ ಊರುಗಳಿಗೂ ಹೋಯಿತು. ಸೊಸೆ ಅಡುಗೆಮನೆಯ ಕಟ್ಟೆಯ ಮೇಲೆ ಖಣ ಹಾಸಿ ಫೋಟೊ ಹೊಡೆಯುವಳು. ಕುಕ್ಕರು ಸೀಟಿ ಹಾಕುವಷ್ಟರಲ್ಲಿ ಯಾವುದೋ ದೇಶದ ಹೆಣ್ಣುಮಗಳು ಅದನ್ನು ಕೊಂಡಿರುವಳು. ಪಾರ್ಸಲ್ ಕಟ್ಟುವ ಕೆಲಸ ಮಾತ್ರ ಕಲ್ಲವ್ವನದು. ಅದರಲ್ಲಿ ಯಾರೂ ಕೈ ಹಾಕುವಂತಿರಲಿಲ್ಲ.

ಒಂದು ಬೆಳಿಗ್ಗೆ ಮಾಧುರಿ ಮೊಬೈಲು ಹಿಡಿದು ಓಡಿ ಬಂದಳು.

"ಅತ್ತಿ, ಆಸ್ಟ್ರೇಲಿಯಾದಾಗ ನಮ್ಮ ಪಾರ್ಸಲ್ ಹಿಡದಾರ್ರಿ. ಒಳಗ ಅಕ್ಕಿ, ಅರಿಷಿಣ ಕೊಂಬು ಸಿಕ್ಕಾವಂತ. ಇನ್ನೊಮ್ಮೆ ಹಿಂಗಾದ್ರ ಆ್ಯಪಿನವರು ನಮ್ಮ ಅಂಗಡಿನ ತಗದ್ ಹಾಕ್ತಾರಂತ. ನೀವು ಹಾಕಿದ್ರೇನ್ರಿ?"

"ಮತ್ಯಾರು ಹಾಕ್ತಾರ? ನಾನ ಹಾಕೀನಿ."

"ಯಾಕ್ರಿ?"

"ಯಾಕ ಅಂತ ಕೇಳ್ತೀಯಲ್ಲ! ಮುತ್ತೈದಿಗೆ ಬರಿ ಖಣ ಕೊಡ್ತಾರೇನ? ನಿಮ್ಮವ್ವ ಏನ್ ಕಲಿಸ್ಯಾಳ ನಿನಗ? ಮೊದಲನೇ ಪಾರ್ಸಲ್‌ನಿಂದ ಹಾಕಾಕತ್ತೀನಿ."

"ಹೊರಗಿನ ಕಾಳು ಒಳಗ ಬಿಡಂಗಿಲ್ರಿ ಆ ದೇಶದಾಗ. ಹುಳಾ ಬರ್ತಾವಂತ."

"ನನ್ನ ಅಕ್ಕ್ಯಾಗ ಹುಳಾ? ಯಾವಾಂವ ಅಂದಾಂವ? ಕರಿ ಅವನ್ನ, ನನ್ನ ಮುಂದ ಆರಿಸಿ ತೋರಸ್ಲಿ!"

"ಎರಡು ವರ್ಷ ಒದ್ದಾಡಿ ಬೆಳಸೀನ್ರಿ ಇದನ್ನ" ಎಂದಳು ಮಾಧುರಿ.

ಕಲ್ಲವ್ವ ಸೊಸೆಯ ಮುಖ ನೋಡಿದಳು. ಮದುವೆಯಾಗಿ ಬಂದಾಗ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ ಹುಡುಗಿ ಇದು. ಈ ಅಂಗಡಿ ಬಂದ ಮೇಲೆಯೇ ಮನೆಯಲ್ಲಿ ಅವಳ ನಗು ಕೇಳಿಸತೊಡಗಿದ್ದು.

ಕಳಿಸಬೇಕಾದ ಖಣಗಳು ಮುಂದೆ ಬಿದ್ದಿದ್ದವು. ಬರಿದೇ ಕಳಿಸಲು ಕೈ ಏಳದು. ಅಕ್ಕಿ ಹಾಕಿದರೆ ಸೊಸೆಯ ಅಂಗಡಿ ಮುಳುಗುತ್ತದೆ. ಕಲ್ಲವ್ವ ತನಗೆ ತಾನೇ ಬೈದುಕೊಂಡಳು, ಆಸ್ಟ್ರೇಲಿಯಾಕ್ಕೂ ಬೈದಳು. ಊಟವಾದ ಮೇಲೆ ದಿಢೀರನೆ ಎದ್ದು ಮಣೆ ಹಾಕಿದಳು.

"ಮಾಧುರಿ, ಬಾ ಇಲ್ಲೆ. ಕೂಡು. ಸೆರಗು ಒಡ್ಡು."

"ಡ್ರೆಸ್ ಹಾಕ್ಕೊಂಡೀನ್ರಿ, ಸೆರಗು ಎಲ್ಲಿಂದ ತರ್ಲಿ?"

"ಓಢಣಿ ಒಡ್ಡು, ಶಾಣ್ಯಾಕಿ. ಈ ಖಣ ಯಾರದು?"

"ಕೆನಡಾದ ಹರ್ಷದಾ ಅನ್ನೋರದ್ರಿ."

ಕಲ್ಲವ್ವ ಸೊಸೆಯ ಹಣೆಗೆ ಕುಂಕುಮವಿಟ್ಟು, ಖಣವನ್ನು ಅವಳ ಉಡಿಗೆ ಮುಟ್ಟಿಸಿ ತೆಗೆದು, ಅಕ್ಕಿ, ಕೊಂಬು, ಅಡಿಕೆ ತುಂಬಿದಳು. "ಹರ್ಷದಾ, ತಣ್ಣಗಿರವಾ" ಎಂದು ಹರಸಿ, ಖಣವನ್ನಷ್ಟೇ ಕವರಿಗೆ ಹಾಕಿದಳು.

"ಅಕಿ ಹೆಸರ್ಲೆ ನಿನ್ನ ಉಡಿ ತುಂಬೀನಿ. ಇನ್ನ ಬರಿ ಖಣ ಹೋದ್ರೂ ನಡೀತದ."

ಮಾಧುರಿಯ ಕಣ್ಣು ತುಂಬಿದವು. "ದಿನಾ ಹಿಂಗ ಮಾಡ್ತೀರೇನ್ರಿ?"

"ಮಾಡ್ತೀನಿ. ದಿನಾ ಆ ಅಕ್ಕಿ ಅನ್ನಾ ಉಣ್ಣು, ಕಡ್ಡಿ ಆಗೀದಿ. ಮುಂದಿಂದು ಯಾರದು?"

"ಪೀಟರ್ ಅಂತ್ರಿ."

ಅಕ್ಕಿ ತುಂಬಿದ ಬೊಗಸೆ ಅಲ್ಲಿಯೇ ನಿಂತಿತು.

"ಗಂಡಸಿನ ಹೆಸರ್ಲೆ ಉಡಿ ತುಂಬ್ಲೇನ? ಹೇಣ್ತಿ ಹೆಸರು ಏನಂತ ಕೇಳು ಅವನ್ನ. ಲಗೂನ ಬರಿ, ಕೈ ಸೋಲಾಕತ್ತಾವ!"

ಮಾಧುರಿ ಉಡಿ ಚೆಲ್ಲದಂತೆ ಒಂದು ಕೈಯಲ್ಲಿ ಹಿಡಿದು, ನಗುತ್ತ, ಇನ್ನೊಂದು ಕೈಯಿಂದ ಪೀಟರನಿಗೆ ಮೆಸೇಜು ಬರೆಯತೊಡಗಿದಳು.