ಕವರಿನಡಿ ಹೂತ ಬಕಲ್‌ಗಳು

ಅಪ್ಪನ ಕಸುಬು ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು. ಏಳು ಜನ ಕೂರುವ ದೊಡ್ಡ ಕಾರು ತಮ್ಮ ಮನೆಗೇ ಬಂದಾಗ ಕೇಳಬೇಕೆ? ನಾಲ್ಕು ದಿನ ಅಂಗಡಿ ಮುಚ್ಚಿ, ಒಂದು ಸುಕ್ಕೂ ಇಲ್ಲದಂತೆ ಕಂದು ಕವರ್ ಎಳೆದು ಹೊಲಿದರು.

ಇವತ್ತು ಮೊದಲ ಪ್ರಯಾಣ. ಏಳು ತಿಂಗಳ ಬಸುರಿ ಮಗಳನ್ನು ತಪಾಸಣೆಗೆ ಕರೆದೊಯ್ಯಬೇಕು. ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ನರ್ಸಕ್ಕನೂ ಜೊತೆಗೆ ಹೊರಟಿದ್ದರು.

ಹಿಂದಿನ ಸೀಟಿನಲ್ಲಿ ಕುಳಿತ ಮಗಳು ಬೆಲ್ಟ್ ಎಳೆದಳು. ಸಿಕ್ಕಿಸಲು ಜಾಗವೇ ಇಲ್ಲ.

“ಅಪ್ಪಾ, ಬಕಲ್ ಎಲ್ಲಿ?”

“ಕವರಿನ ಕೆಳಗಿದೆ. ಸೊಂಟಕ್ಕೆ ಚುಚ್ಚುತ್ತೆ ಅಂತ ಸೇರಿಸಿ ಹೊಲಿದುಬಿಟ್ಟೆ. ಕೈಯಾಡಿಸು, ಗೊತ್ತೇ ಆಗಲ್ಲ!”

“ಹೊಲಿಗೆ ಚೆನ್ನಾಗಿದೆ ಅಣ್ಣ,” ಎಂದರು ನರ್ಸಕ್ಕ. “ಈಗ ಬಿಚ್ಚಿ.”

“ಏನಮ್ಮಾ ನೀನು! ಇದೇನು ಸ್ಕೂಟರಾ? ಆನೆ ಥರ ಇದೆ ಗಾಡಿ. ಹಿಂದೆ ಕೂತೋರಿಗೆ ಏನಾಗುತ್ತೆ?”

“ಆನೆ ಗಕ್ಕಂತ ನಿಂತರೂ ಒಳಗೆ ಕೂತೋರು ನಿಲ್ಲಲ್ಲ ಅಣ್ಣ. ಅದೇ ವೇಗದಲ್ಲಿ ಮುಂದಕ್ಕೆ ಹಾರ್ತಾರೆ. ಅಂಥವರನ್ನ ಎತ್ತಿದ ಕೈ ಇದು.”

ಅಮ್ಮ ಬಾಯಿ ಹಾಕಿದರು. “ಬಸುರಿ ಹೊಟ್ಟೆಗೆ ಬೆಲ್ಟ್ ಒತ್ತಲ್ವಾ?”

“ಹೊಟ್ಟೆ ಮೇಲೆ ಹಾಕಬಾರದು ಅತ್ತಿಗೆ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗಿರಬೇಕು. ಮೇಲಿನದು ಭುಜದಿಂದ ಎದೆಯ ನಡುವೆ ಇಳಿದು ಹೊಟ್ಟೆಯ ಪಕ್ಕಕ್ಕೆ ಸರೀಬೇಕು. ತಾಯಿ ಭದ್ರವಾಗಿದ್ರೆ ಮಗುವೂ ಭದ್ರ.”

“ಒಂದು ಕಡೆ ಕತ್ತರಿಸಿದ್ರೆ ಪೂರ್ತಿ ಸಡಿಲ ಆಗುತ್ತಮ್ಮ,” ಅಪ್ಪ ಗೊಣಗಿದರು. “ವಾಪಸ್ ಬಂದಮೇಲೆ ನೋಡೋಣ.”

ಮಗಳು ಕಾರಿನಿಂದ ಇಳಿದೇಬಿಟ್ಟಳು. “ಬಕಲ್ ಮೇಲೆ ಬಂದಾಗ ಹತ್ತುತ್ತೀನಿ.”

“ಡಾಕ್ಟರು ಕಾಯ್ತಿರ್ತಾರೆ ಕಣೇ!”

“ಕಾಯಲಿ.”

ಅಮ್ಮ ಒಳಗಿಂದ ಕತ್ತರಿ ತಂದರು. “ನೀವು ಕತ್ತರಿಸ್ತೀರೋ, ನಾನು ಕತ್ತರಿಸ್ಲೋ? ನನ್ನ ಕೈ ನೆಟ್ಟಗೆ ಓಡಲ್ಲ, ಗೊತ್ತಲ್ಲ!”

ಅಪ್ಪ ಕತ್ತರಿ ಕಸಿದುಕೊಂಡರು. ಮಗಳ ಬಕಲ್ ಹೊರಬಂತು. ಪಕ್ಕದ್ದು ಬಂತು. ಕೊನೆಯ ಸಾಲಿನವೂ ಬಂದವು. ಮುಂದಿನ ಸೀಟಿನ ಬಳಿ ಅವರ ಕೈ ನಿಂತಿತು.

“ಇಲ್ಲಿ ಬದಿಯಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಇತ್ತು. ಅದರ ಮೇಲೂ ಜೋಡಿ ಹೊಲಿಗೆ ಹಾಕಿದೀನಿ.”

“ಡಿಕ್ಕಿಯಾದ್ರೆ ಅದು ಕಣ್ಣು ಮಿಟುಕಿಸೋದರೊಳಗೆ ಗಾಳಿ ತುಂಬಿ ಹೊರಗೆ ಚಿಮ್ಮಬೇಕು ಅಣ್ಣ. ನಿಮ್ಮ ಹೊಲಿಗೆ ಬಿಡುತ್ತಾ?”

“ಬಿಡಲ್ಲ. ನನ್ನ ಹೊಲಿಗೆ ಯಾರನ್ನೂ ಬಿಡಲ್ಲ,” ಎಂದವರೇ ಮುಂದಿನ ಎರಡೂ ಕವರನ್ನು ಕಿತ್ತು ಜಗಲಿಗೆ ಎಸೆದರು. “ನಾಳೆ ಅಂಗಡಿ ತೆಗೆದ ತಕ್ಷಣ ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡ್ತೀನಿ. ಅವರ ಕಾರಲ್ಲೂ ಹೀಗೇ ಹೊಲಿದಿದೀನಿ.”

ಅರ್ಧ ಗಂಟೆ ತಡವಾಗಿ ಹೊರಟ ಕಾರಿನಲ್ಲಿ ನಾಲ್ವರೂ ಬೆಲ್ಟ್ ಹಾಕಿದ್ದರು.

ಓದುಗರೇ, ನಿಮ್ಮ ಕಾರು ಎಷ್ಟೇ ದೊಡ್ಡದಿರಲಿ, ಇವತ್ತೇ ಅದರ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ. ಪ್ರತಿ ಬಕಲ್ ಕೈಗೆ ಸಿಗುತ್ತದೆಯೇ? ಏರ್‌ಬ್ಯಾಗ್ ಇರುವ ಸೀಟಿನ ಬದಿ ತೆರೆದಿದೆಯೇ? ಇಲ್ಲವಾದರೆ ಕವರ್ ತೆಗೆಸಿ. ಎಲ್ಲರೂ ಬೆಲ್ಟ್ ಹಾಕುವವರೆಗೆ ಗಾಡಿ ಚಾಲೂ ಮಾಡಬೇಡಿ.