ಕಣ್ಣು ಮುಚ್ಚಿದ ಅಜ್ಜಿ

ಚೇರ್ಮನ್ನರ ಕಾರು ಸಂಡೂರು ದಾಟಿತೆಂದು ಫೋನು ಬಂದ ಕೂಡಲೇ ಮ್ಯಾನೇಜರ್ ಸಿದ್ದಲಿಂಗೇಶ್ ಬಿಳಿ ಬಣ್ಣದ ಡಬ್ಬಿ ಹಿಡಿದು ಬಂದರು.

"ದುರುಗಣ್ಣ, ಜಲ್ದಿ. ಆ ತಲಿಗೆ ಕಣ್ಣು ಬರಿ. ದೊಡ್ಡವು."

ವಡ್ಡು ಗ್ರಾಮದ ಹತ್ತಿರದ ಕಾರ್ಖಾನೆಯೊಂದು ಏರ್ಪಡಿಸಿದ್ದ ಕಲಾ ಶಿಬಿರದ ಕೊನೆಯ ದಿನ ಅದು. ಕೃತಿಗಳ ಪ್ರದರ್ಶನವನ್ನು ಚೇರ್ಮನ್ನರು ಉದ್ಘಾಟಿಸುವವರಿದ್ದರು. ಆ ತಲೆ ಘಾನಾದ ಅಬೇನಾಳ ಕೃತಿ. ಅವಳು ಬರೆದುಕೊಟ್ಟಂತೆ ಕಿನ್ನಾಳದ ಚಿತ್ರಗಾರ ದುರುಗಣ್ಣ ಮರದಲ್ಲಿ ಕೆತ್ತಿದ್ದ. ಲಾರಿಗಳಿಂದ ಉದುರಿದ ಕೆಂಪು ಅದಿರಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಅವಳೇ ಬಳಿದಿದ್ದಳು. ಅಬೇನಾ ಎಂದರೆ ಮಂಗಳವಾರ ಹುಟ್ಟಿದವಳು ಎಂದು ನಾನು ಹೇಳಿದ ದಿನದಿಂದ ದುರುಗಣ್ಣನ ಬಾಯಲ್ಲಿ ಅವಳು ಮಂಗಳವ್ವ. ನಾನು ಕಂಪ್ಲಿಯ ರೇಣುಕಾದೇವಿ. ಚಿತ್ರಕಲೆ ಓದಿದ್ದೆ. ಅವರಿಬ್ಬರ ನಡುವೆ ಮಾತು ದಾಟಿಸುವುದು ನನ್ನ ಕೆಲಸ.

"ಅದು ಅವರ ಅಜ್ಜಿ, ಸರ್," ಎಂದೆ. "ಅವರ ಕಡಿ ಸತ್ತ ಹಿರಿಯರ ತಲಿ ಮಾಡಿದ್ರ ಕಣ್ಣು ಮುಚ್ಚೇ ಇರ್ತಾವಂತ. ಕೆಂಪು ಅಂದ್ರ ಸಾವಿನ ಬಣ್ಣ."

"ಉದ್ಘಾಟನಿ ದಿನ ಸಾವು ಗೀವು ಅನಬ್ಯಾಡವ್ವಾ! ಬೋರ್ಡಿನ ಮ್ಯಾಲ ಆಫ್ರಿಕಾ ಅಂತ ಬರ್ಸೀನಿ. ಹಂಪಿ ಬಜಾರದಾಗ ಮುಖವಾಡ ಮಾರ್ತಾರಲ್ಲ, ಹಂಗ ಕಣ್ಣಗುಡ್ಡಿ, ಹಲ್ಲು ಬ್ಯಾಡೇನು? ಇದು ನಮ್ಮ ಕ್ಯಾಂಟೀನ್ ಎರ್ರೆಮ್ಮ ಮಧ್ಯಾಹ್ನ ನಿದ್ದಿ ಹೊಡದಂಗೈತಿ."

ಒಂದನ್ನೂ ಬಿಡದೆ ಅಬೇನಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗಲಿಲ್ಲ.

"ಅಜ್ಜಿ ಹೋದದ್ದೂ ಹಾಗೇ, ಮಧ್ಯಾಹ್ನ ಮಲಗಿದಂತೆ. ಹಂಪಿಯ ಆ ಮುಖಗಳನ್ನು ನಾನೂ ನೋಡಿದೆ. ಅವು ಯಾರವು ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ."

"ಗುಡಿ ಕೆಲಸ ಬೇಕೋ ಬ್ಯಾಡೋ?" ಸಿದ್ದಲಿಂಗೇಶ್ ದುರುಗಣ್ಣನ ಕಡೆ ತಿರುಗಿದರು. ಕಾರ್ಖಾನೆಯೊಳಗೆ ಏಳುತ್ತಿದ್ದ ಹೊಸ ಗುಡಿಯ ಉತ್ಸವಮೂರ್ತಿಗಳ ಕೆಲಸವನ್ನು ಅವನಿಗೆ ಕೊಡುವ ಮಾತಾಗಿತ್ತು.

ದುರುಗಣ್ಣ ಕುಂಚ ಅದ್ದಿದ. ತಲೆಯ ಪಕ್ಕಕ್ಕೆ ಹೋಗಿ ಓರೆಯಾಗಿ ನಿಂತ. ಅಲ್ಲಿಂದ ತಲೆಯ ಎದುರಿಗಿದ್ದ ಅಬೇನಾಳನ್ನು ನೋಡಿ ತಡೆದು ನನಗೆ ಹೇಳಿದ.

"ಅವ್ರಿಗೆ ಎದುರಿಂದ ಸರಿಯಾಕ ಹೇಳವ್ವಾ. ಮೂರ್ತಿ ಕಣ್ಣು ತೆಗೆಯೋ ಹೊತ್ತಿಗೆ ಯಾರೂ ಎದುರು ನಿಂದ್ರಬಾರ್ದು. ಮೊದಲ ನೋಟ ಮನಷ್ಯಾರು ತಡಕೊಳ್ಳಂಗಿಲ್ಲ. ನಾವು ಎದುರಿಗೆ ಕನ್ನಡಿ ಇಟ್ಟು, ಬಾಜೂಕ ನಿಂತು ಬರೀತೀವಿ. ಇದು ದೇವ್ರಲ್ಲಂತ ನಾನು ಕನ್ನಡಿ ತಂದಿಲ್ಲ."

ಬರೀ ಸರಿ ಎಂದಿದ್ದರೆ ಅಬೇನಾ ಬಹುಶಃ ಸರಿದುಬಿಡುತ್ತಿದ್ದಳು. ಕಾರಣವನ್ನೂ ಹೇಳಿದೆ. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದು ಅಜ್ಜಿಯ ಮುಖಕ್ಕೆ ಮುಖವಿಟ್ಟು ನಿಂತಳು.

"ನೋಡುವುದಾದರೆ ನನ್ನನ್ನೇ ನೋಡಲಿ."

ಕುಂಚದ ಬಿಳಿ ಹನಿ ದುರುಗಣ್ಣನ ಹೆಬ್ಬೆರಳ ಮೇಲೆ ಬಿತ್ತು.

"ಮಂಗಳವ್ವಾ, ಸರೀರಿ. ಭಾಳ ಕೆಟ್ಟದಾಗ್ತೈತಿ."

ಅವಳು ಅಲುಗಲಿಲ್ಲ. ದುರುಗಣ್ಣ ಕುಂಚ ಇಳಿಸಿದ.

"ನನ್ನ ಕೈಲೆ ಆಗಂಗಿಲ್ಲ ಸಾಹೇಬ್ರ."

"ಮೂಢನಂಬಿಕಿ ಸೂಳೆಮಕ್ಕಳು! ಕೊಡು ಇಲ್ಲಿ." ಸಿದ್ದಲಿಂಗೇಶ್ ಕುಂಚ ಕಿತ್ತುಕೊಂಡರು. ಅಬೇನಾಳ ಭುಜ ಹಿಡಿದು ನೂಕಿ ಅವಳ ಜಾಗದಲ್ಲಿ ನಿಂತರು. ನಾನು ಅವಳ ಕೈ ಹಿಡಿದೆ, ಬಿಟ್ಟಿದ್ದರೆ ಹೊಡೆಯುತ್ತಿದ್ದಳು. ಕುಂಚ ಎಡರೆಪ್ಪೆಯ ಹತ್ತಿರ ಹೋಯಿತು.

"ಸಾಹೇಬ್ರ," ಎಂದ ದುರುಗಣ್ಣ, "ಈಗ ಎದುರಿಗೆ ನೀವದೀರಿ."

ಕುಂಚ ಅಲ್ಲೇ ನಿಂತಿತು. ರೆಪ್ಪೆಗೂ ಅದಕ್ಕೂ ಒಂದು ಬೆರಳಿನ ಅಂತರ. ಸಿದ್ದಲಿಂಗೇಶ್ ಒಮ್ಮೆ ಎಡಕ್ಕೆ ಸರಿದು ನೋಡಿದರು, ಒಮ್ಮೆ ಬಲಕ್ಕೆ. ಓರೆಯಿಂದ ಬರೆಯುವ ಕೈ ಅವರದಲ್ಲ. ಗೇಟಿನ ಕಡೆ ಹಾರ್ನ್ ಕೇಳಿತು. ಅವರ ಕತ್ತಿನ ಬೆವರು ಶರ್ಟಿನೊಳಗೆ ಇಳಿಯುತ್ತಿತ್ತು.

"ಸುಡ್ಲಿ ಇದು," ಎಂದು ಕುಂಚ ಎಸೆದರು. "ಹಿಂದಕ್ಕೆ ಹಾಕ್ರಿ. ಜನರೇಟರ್ ಬಾಜೂಕ. ಚೇರ್ಮನ್ನರಿಗೆ ಕಾಣಬಾರ್ದು. ದುರುಗಣ್ಣ, ಗುಡಿ ಕೆಲಸ ಮರತಬಿಡು."

ಮೂವರೂ ಸೇರಿ ತಲೆಯನ್ನು ಎತ್ತಿದೆವು. ದುರುಗಣ್ಣ ಮುಂದಿನ ಭಾಗ ಹಿಡಿದಿದ್ದ. ದಾರಿಯುದ್ದಕ್ಕೂ ತನ್ನ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ನಡೆದ. ಜನರೇಟರಿನ ಗದ್ದಲದಲ್ಲಿ ಅಬೇನಾ ನನ್ನ ಕಿವಿಯ ಹತ್ತಿರ ಬಾಗಿ, ಅವನು ಕೊನೆಗೆ ಏನು ಹೇಳಿ ಮ್ಯಾನೇಜರನ್ನು ತಡೆದ ಎಂದು ಕೇಳಿದಳು. ಹೇಳಿದೆ. ಅವಳು ದುರುಗಣ್ಣನ ಕಡೆ ತಿರುಗಿದಳು.

"ಇವನ ಗುಡಿ ಕೆಲಸ ಹೋಯಿತಾ?"

"ಹೋಯಿತು," ಎಂದೆ.