ಸದ್ದು ಹೀರುವ ಅಂಗಿಗಳು

ಗಂಡ ಕಲ್ಮೇಶ್ ತೀರಿಕೊಂಡ ಮೇಲೆ ನಾನು ಹಾಲ್‌ನಲ್ಲಿ, ಅತ್ತೆಯ ಮಂಚದ ಪಕ್ಕ ಹಾಸಿಗೆ ಹಾಸಿಕೊಳ್ಳುತ್ತಿದ್ದೆ. ನಮ್ಮ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅದನ್ನು ತೆರೆಸಿದವನು ಟೆರೇಸಿನ ರೂಮಿಗೆ ಬಾಡಿಗೆಗೆ ಬಂದ ಯಶ್ವಂತ್.

ವೈಫೈ ಡಬ್ಬಿ ನಮ್ಮ ಆ ಮುಚ್ಚಿದ ಕೋಣೆಯಲ್ಲಿತ್ತು. ಅದನ್ನು ನೋಡಲು ಬಂದವನು ಒಳಗೆ ಕಾಲಿಟ್ಟು ಒಂದು ಚಪ್ಪಾಳೆ ತಟ್ಟಿದ. ಕಿವಿಗೊಟ್ಟು ನಿಂತ. ಇನ್ನೊಂದು ತಟ್ಟಿದ.

“ಏನಪ್ಪಾ, ಹಲ್ಲಿ ಓಡಿಸ್ತಿದೀಯಾ?” ಎಂದರು ಅತ್ತೆ ನೀಲಗಂಗಮ್ಮ.

“ಇಲ್ಲ ಆಂಟಿ. ಈ ರೂಮಲ್ಲಿ ಸೌಂಡು ವಾಪಸ್ ಬರ್ತಾನೇ ಇಲ್ಲ. ಸೂಪರ್ ರೂಮು.”

ಆ ಕೋಣೆಯ ಒಂದು ಗೋಡೆಯುದ್ದಕ್ಕೂ ಬಾಗಿಲಿಲ್ಲದ ಬೀರು. ಅದರ ತುಂಬ ಕಲ್ಮೇಶನ ಬಟ್ಟೆ. ಅವನು ಅಂಗಿ ತಯಾರಿಸುವ ಕಂಪನಿಯೊಂದರ ಸೇಲ್ಸ್‌ನಲ್ಲಿದ್ದ. ಅಂಗಡಿಗಳಿಗೆ ತೋರಿಸಿ ಮುಗಿದ ಸ್ಯಾಂಪಲ್ಲುಗಳೆಲ್ಲ ಮನೆಗೆ ಬರುತ್ತಿದ್ದವು. ಬಸವೇಶ್ವರನಗರದಲ್ಲಿ ಇಷ್ಟು ಅಂಗಿ ಇರುವ ಗಂಡಸು ಇನ್ನೊಬ್ಬನಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಯಶ್ವಂತನ ಕೆಲಸ ಏನೆಂದು ಅರ್ಥವಾಗಲು ಅತ್ತೆಗೆ ಒಂದು ವಾರ ಬೇಕಾಯಿತು. ಅವನು ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತಿದ್ದ. ನಿಧಾನವಾದ ಡ್ರಮ್, ಅದರ ಕೆಳಗೆ ಮಂದ್ರದ ಒಂದು ಎಳೆ, ಮೇಲೆ ಮಂಜು ಕವಿದಂಥ ಪಿಯಾನೊ. ಕಾಮಾಕ್ಷಿಪಾಳ್ಯದಲ್ಲಿ ಅವನಪ್ಪನ ವರ್ಕ್‌ಶಾಪ್ ಇತ್ತು. ಅಲ್ಲಿಯ ಪ್ರೆಸ್ ಮೆಷಿನ್ನಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಎಳೆದು ನಿಧಾನ ಮಾಡಿ, ಅದನ್ನೇ ತಾಳವಾಗಿ ಕೂರಿಸಿದ್ದ.

“ಹಾಡೋದು ಯಾರು?”

“ಯಾರೂ ಹಾಡಲ್ಲ ಆಂಟಿ. ಬರೀ ಬೀಟ್ಸ್.”

“ಹಂಗಾದ್ರೆ ಮುಗೀತು ಅಂತ ಹೆಂಗೆ ಗೊತ್ತಾಗುತ್ತೆ?”

“ಅಯ್ಯೋ, ನನ್ ಪ್ರಾಬ್ಲಮ್ಮೇ ಅದು!”

ಅವನ ಇನ್ನೊಂದು ಸಮಸ್ಯೆ ಟೆರೇಸಿನ ರೂಮು. ಬೋಳು ಗೋಡೆ, ಮೂಲೆಯಲ್ಲಿ ಮಂದ್ರದ ಸದ್ದು ಗುಂಯ್‌ಗುಟ್ಟುತ್ತದೆ. ಜಾಸ್ತಿಯಾಯಿತೆಂದು ಇವನು ಕಡಿಮೆ ಮಾಡುತ್ತಾನೆ. ಫ್ರೆಂಡಿನ ಕಾರಿನಲ್ಲಿ ಹಾಕಿ ಕೇಳಿದರೆ ಮಂದ್ರವೇ ಇಲ್ಲ. “ಆ ರೂಮು ಸುಳ್ಳು ಹೇಳುತ್ತೆ ಅಕ್ಕ,” ಎಂದ. “ಇದು ಹೇಳಲ್ಲ. ಬಟ್ಟೆ ಎಲ್ಲಾ ಹೀರ್ಕೊಳುತ್ತೆ.” ಪುಣೆಯ ಸಣ್ಣ ಕಂಪನಿಯೊಂದು ಅವನ ಆರು ಟ್ರ್ಯಾಕುಗಳನ್ನು ಹೊರತರಲು ಒಪ್ಪಿತ್ತು. ಅದು ಅವನ ಮೊದಲ ಆಲ್ಬಮ್. ಸದ್ದುಗಳನ್ನು ಒಂದಕ್ಕೊಂದು ಹೊಂದಿಸುವ ಕೊನೆಯ ಕೆಲಸಕ್ಕೆ ಮಧ್ಯಾಹ್ನದ ಹೊತ್ತು ಈ ಕೋಣೆ ಸಿಗಬಹುದೇ ಎಂದು ಕೇಳಿದ.

ನಾನು ಹೂಂ ಅಂದೆ. ಬೇಡ ಅನ್ನಲು ಯಾವ ಕಾರಣವೂ ಹೊಳೆಯಲಿಲ್ಲ.

ಅವನು ಬೀರುವಿನ ಎದುರು ಎರಡು ಸ್ಪೀಕರ್ ಇಟ್ಟುಕೊಂಡು ಕೂರುತ್ತಿದ್ದ. ನಾನು ಹಾಲ್‌ನಲ್ಲಿ ಪಠ್ಯಪುಸ್ತಕಗಳ ಪ್ರೂಫ್ ತಿದ್ದುತ್ತಿದ್ದೆ. ಡ್ರಮ್ಮಿನ ಅವೇ ನಾಲ್ಕು ಪೆಟ್ಟುಗಳನ್ನು ಅವನು ಇಡೀ ಮಧ್ಯಾಹ್ನ ಮತ್ತೆ ಮತ್ತೆ ಕೇಳುತ್ತಿದ್ದ. ನನಗೆ ಅದರಿಂದ ತೊಂದರೆಯಾಗಲಿಲ್ಲ. ಆ ಸಂಗೀತ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

ಕಲ್ಮೇಶ್ ಹೋಗಿ ವರ್ಷ ತುಂಬುವ ದಿನದ ಪೂಜೆ ಹತ್ತಿರ ಬಂದಿತ್ತು. ನಮ್ಮ ಮನೆತನದ ಪೂಜೆ ಮಾಡಿಸುವ ಅಯ್ಯನವರು ರೇವಣಸಿದ್ದಯ್ಯ. ಕೆಂಗೇರಿ ಕಡೆಯ ಮಠವೊಂದರ ಹಾಸ್ಟೆಲ್ ನೋಡಿಕೊಳ್ಳುತ್ತಾರೆ. ಕಲ್ಮೇಶನ ಬಟ್ಟೆಗಳನ್ನು ಪೂಜೆಯ ದಿನ ಹಾಸ್ಟೆಲಿನ ಹುಡುಗರಿಗೆ ಕೊಡುವುದಾಗಿ ಅತ್ತೆ ಅವರಿಗೆ ಹೇಳಿಬಿಟ್ಟಿದ್ದರು. ನನ್ನನ್ನೂ ಕೇಳಿದ್ದರು. ಆಗ ನಾನು ತಲೆಯಾಡಿಸಿದ್ದೆ. ಆ ತಿಂಗಳುಗಳಲ್ಲಿ ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

“ಭಾನುವಾರ ಬೀರು ಖಾಲಿ ಮಾಡೋಣ,” ಎಂದರು ಅತ್ತೆ.

“ಯಶ್ವಂತನ ಕೆಲಸ ಮುಗಿದಿಲ್ಲ. ಬಟ್ಟೆ ತೆಗೆದರೆ ಸೌಂಡು ಕೆಡುತ್ತಂತೆ.”

ಅತ್ತೆ ನನ್ನನ್ನೇ ನೋಡಿದರು. ಮುಂದಿನ ವಾರ ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಅದು ಸುಳ್ಳಾಗಿರಲಿಲ್ಲ. ಸಲೀಸಾಗಿತ್ತು.

ಮೂರನೆಯ ಸಲ ಅವರು ನನ್ನನ್ನು ಕೇಳಲಿಲ್ಲ. ಯಶ್ವಂತನಿಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಕೊಟ್ಟು, ಎದುರು ಸ್ಟೂಲ್ ಎಳೆದುಕೊಂಡು ಕೂತರು.

“ಏನಪ್ಪಾ, ಬಟ್ಟೆನೇ ಆಗ್ಬೇಕಾ ನಿಂಗೆ? ಬೇರೆ ಏನಾದ್ರೂ ಆಗಲ್ವಾ? ಮಠಕ್ಕೆ ಮಾತು ಕೊಟ್ಟಿದೀನಿ ನಾನು.”

ಅವನು ಬಾಯಿಯ ಹತ್ತಿರ ಒಯ್ದ ಮಂಡಕ್ಕಿಯನ್ನು ಹಾಗೇ ಹಿಡಿದ. “ನನ್ನಿಂದ ನಿಂತಿದೆಯಾ ಆಂಟಿ ಅದು? ಛೇ, ಹೇಳೋದಲ್ವಾ! ಪ್ಯಾನೆಲ್ ಮಾಡ್ಬಹುದು. ಮರದ ಫ್ರೇಮು, ಒಳಗೆ ಉಣ್ಣೆ ಥರದ್ದು ತುಂಬ್ಸಿ, ಮೇಲೆ ಬಟ್ಟೆ ಹೊಡೆಯೋದು. ಬೀರೂಗಿಂತ ಚೆನ್ನಾಗಿ ಹೀರುತ್ತೆ. ಅಪ್ಪಂಗೆ ಹೇಳಿದ್ರೆ ಎರಡೇ ದಿನ.”

“ನೋಡು ಮತ್ತೆ!” ಎಂದರು ಅತ್ತೆ. ಗೆದ್ದ ದನಿಯಲ್ಲ, ಹಗುರಾದ ದನಿ.

ನಾನು ಕೈಯಲ್ಲಿದ್ದ ಪುಟವನ್ನು ಎರಡನೆಯ ಸಲ ಓದತೊಡಗಿದೆ.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಆಳೆತ್ತರದ ನಾಲ್ಕು ಚೌಕಟ್ಟುಗಳು ಬಂದವು. ಯಶ್ವಂತ್ ಒಬ್ಬನೇ ಹೊತ್ತು ತಂದ. ಬೆವರು ಒರೆಸಿಕೊಳ್ಳುತ್ತ, “ಆಲ್ಬಮ್ಮಿನ ಹಿಂದೆ ನಿಮ್ಮಿಬ್ಬರ ಹೆಸರೂ ಹಾಕಿಸ್ತೀನಿ ಅಕ್ಕ,” ಎಂದ. ಖುಷಿಯಾಗಿದ್ದ. ನಮ್ಮ ಕಷ್ಟವೊಂದನ್ನು ತೀರಿಸಿದೆನೆಂದು ನಂಬಿದ್ದ. ಅತ್ತೆ ನಮ್ಮ ಕೋಣೆಯ ಮಂಚದ ಮೇಲೆ ಹಳೆಯ ಸೀರೆಯೊಂದನ್ನು ಹಾಸಿದರು, ಗಂಟು ಕಟ್ಟಲು. ಅವನು ಹ್ಯಾಂಗರಿನಿಂದ ಒಂದೊಂದೇ ಅಂಗಿ ತೆಗೆದು, ಕಾಲರ್ ಮುರಿಯದಂತೆ ಮಡಚಿ ಅದರ ಮೇಲಿಡತೊಡಗಿದ. ನೀಲಿ ಗೆರೆಯದು, ಬೂದು ಬಣ್ಣದ್ದು, ತೋಳು ಮಡಚಿದ್ದು ಹಾಗೇ ಇದ್ದ ಬಿಳಿಯದು.

“ಬಿಡು ಯಶ್ವಂತ್.”

“ಪರವಾಗಿಲ್ಲ ಅಕ್ಕ, ಬೇಗ ಆಗುತ್ತೆ.”

“ತೆಗೀಬೇಡ ಅಂದೆ.”

“ಇಲ್ಲ ಅಕ್ಕ, ಪ್ಯಾನೆಲ್ ಬಂತಲ್ಲ. ಇನ್ನು ನಂಗೆ ಬಟ್ಟೆ ಬೇಕಿಲ್ಲ.”

“ನನಗೆ ಬೇಕು.”

ನನ್ನ ದನಿ ಆ ಕೋಣೆಯಲ್ಲಿ ತೀರ ಹತ್ತಿರದಿಂದ ಕೇಳಿತು. ಯಶ್ವಂತ್ ಬಿಳಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಅತ್ತೆ ಸೀರೆಯ ಅಂಚನ್ನು ಬಿಟ್ಟು ಮಂಚದ ಮೇಲೆ ಕೂತರು.

“ಇಷ್ಟು ದಿನ ಪಾಪ ಇವನ ಮೇಲೆ ಯಾಕೆ ಹಾಕ್ತಿದ್ದೆ?”

ನಾನು ಬೀರುವಿನ ಖಾಲಿ ಹ್ಯಾಂಗರೊಂದನ್ನು ನೇರ ಮಾಡಿದೆ.

“ಅಯ್ಯನವರಿಗೆ ಏನು ಹೇಳ್ಲಿ?”

“ಕೊಡಲ್ವಂತೆ ಅನ್ನಿ.”

“ಎಷ್ಟು ದಿನ ಇಟ್ಕೋತೀಯೇ?”

“ಗೊತ್ತಿಲ್ಲ ಅತ್ತೆ.”

ಅವರು ಮಡಚಿಟ್ಟ ಅಂಗಿಗಳ ಮೇಲೆ ಒಮ್ಮೆ ಕೈಯಾಡಿಸಿ, ಎದ್ದು ಹಾಲ್‌ಗೆ ಹೋದರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವುದು ಕೇಳಿಸಿತು. “ಶರಣು ಅಯ್ಯನವರೇ. ಪೂಜೆಗೆ ಊಟಕ್ಕೆ ಬಂದುಬಿಡಿ. ಬಟ್ಟೆ ಈಗ ಆಗಲ್ಲ. ಹುಡುಗರಿಗೆ ಹೊಸಾದು ಕೊಡ್ಸೋಣ... ಇಲ್ಲ, ಅವಳಿಗೆ ಬೇಕಂತೆ. ಹ್ಞೂಂ, ಅವಳಿಗೇ.”

ಯಶ್ವಂತ್ ಚೌಕಟ್ಟುಗಳ ಕಡೆ ನೋಡಿದ. “ಇವನ್ನ ಮೇಲಕ್ಕೆ ಒಯ್ತೀನಿ ಅಕ್ಕ. ನನ್ ರೂಮಿಗೇ ಹಾಕ್ಕೋತೀನಿ. ಅಲ್ಲೇ ಮುಗಿಸ್ತೀನಿ.” ಇನ್ನು ಮಧ್ಯಾಹ್ನಗಳಲ್ಲಿ ಅವನು ಕೆಳಗೆ ಬರುವುದಿಲ್ಲ ಎಂಬುದು ಆಗ ತಿಳಿಯಿತು. ಅದು ಬೇಸರವೆನಿಸಿತು. ಬೇಸರ ಅನ್ನಿಸಿದ್ದು ನನಗೇ ವಿಚಿತ್ರವಾಗಿತ್ತು.

“ಸಾರಿ ಅಕ್ಕ, ನಂಗೆ ತಲೆ ಓಡ್ಲಿಲ್ಲ,” ಎಂದ. ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಸ್ವಲ್ಪ ಮುಂದಕ್ಕೆ ಹಿಡಿದು ಕೇಳಿದ. “ಇದು ಯಾವ ಕಡೆ ಇತ್ತು?”

“ಎಡಗಡೆ. ಬೂದು ಬಣ್ಣದ್ದರ ಪಕ್ಕ.”

“ಬೂದು ಬಣ್ಣದ್ದು ಮೊದಲಾ?”

“ಹೌದು. ಅದಕ್ಕೂ ಮೊದಲು ನೀಲಿ,” ಎಂದು ನಾನು ಮಂಚದ ಮೇಲಿದ್ದ ನೀಲಿ ಗೆರೆಯ ಅಂಗಿಯನ್ನು ಎತ್ತಿಕೊಂಡೆ.